ಕೇದಾರಕ್ಕೆ ಅಪ್ಪಾಜಿಯನ್ನು ಕರೆದೊಯ್ಯಬಹುದೇ? ಎತ್ತರ, ಸಕ್ಕರೆ ಕಾಯಿಲೆ ಮತ್ತು ಆಶ್ರಮವಾಸದ ಲೆಕ್ಕಾಚಾರ

ಪ್ರಶ್ನೆ: ನಾವು ಹೊಸಪೇಟೆಯವರು. ಮೇ ಮೂರನೇ ವಾರದಲ್ಲಿ ಮನೆಮಂದಿ ಆರು ಜನ ಋಷಿಕೇಶ, ಕೇದಾರ, ಬದರಿಗೆ ಹೋಗಿ, ಬರುವಾಗ ಕಾಶಿ ಮುಗಿಸಿಕೊಂಡು ಬರಬೇಕೆಂದಿದ್ದೇವೆ. ಋಷಿಕೇಶದ ಆಶ್ರಮದಲ್ಲಿ ನಾಲ್ಕು ದಿನ ಇರಬೇಕೆಂಬುದು ಅಪ್ಪಾಜಿಯ ಬಹುದಿನದ ಆಸೆ. ಅವರಿಗೆ 71 ವರ್ಷ. ಸಕ್ಕರೆ ಕಾಯಿಲೆ 14 ವರ್ಷದಿಂದ ಇದೆ, ಬಿಪಿಯೂ ಇದೆ, ಮೂರು ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದ್ದಾರೆ. ಮಾತ್ರೆಗಳ ಜೊತೆ ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ 66, ಮೊಣಕಾಲು ನೋವು. ಮಕ್ಕಳಿಗೆ 11 ಮತ್ತು 6. ಟೂರಿನವರು ಹಾಕಿಕೊಟ್ಟ ಪಟ್ಟಿ ಹೀಗಿದೆ: ವಿಮಾನದಲ್ಲಿ ಡೆಹ್ರಾಡೂನ್, ಮರುದಿನ ಗುಪ್ತಕಾಶಿ, ಅದರ ಮರುದಿನ ಹೆಲಿಕಾಪ್ಟರ್‌ನಲ್ಲಿ ಕೇದಾರ, ರಾತ್ರಿ ಅಲ್ಲೇ ವಾಸ. ಹೆಲಿಕಾಪ್ಟರ್ ಇದ್ದರೆ ಆಯಾಸವೇ ಇಲ್ಲ, ಏನೂ ಆಗಲ್ಲ ಅನ್ನುತ್ತಾರೆ. ಉಸಿರು ಕಟ್ಟಿದರೆ ಕರ್ಪೂರ ಮೂಸಿದರೆ ಸಾಕು ಎಂದು ಒಬ್ಬರು, ಆಕ್ಸಿಜನ್ ಡಬ್ಬಿ ಒಯ್ಯಿರಿ ಎಂದು ಇನ್ನೊಬ್ಬರು. ಅಪ್ಪಾಜಿಯನ್ನು ಕೇಳಿದರೆ 'ಇಪ್ಪತ್ತು ವರ್ಷದಿಂದ ಪ್ರಾಣಾಯಾಮ ಮಾಡ್ತಾ ಇದೀನಿ, ನನಗೇನಾಗುತ್ತೆ' ಅನ್ನುತ್ತಾರೆ. ದರ್ಶನದ ದಿನ ಉಪವಾಸ ಇರುವುದಾಗಿಯೂ ಹೇಳುತ್ತಿದ್ದಾರೆ. ಆಶ್ರಮ ಮೊದಲೋ, ಕೊನೆಗೋ? ಇಷ್ಟೆಲ್ಲ ತಲೆನೋವೇ ಬೇಡವೆಂದು 'ಡಾಕ್ಟರು ಬೇಡ ಅಂದಿದಾರೆ' ಎಂದು ಅವರಿಗೆ ಹೇಳಿಬಿಡಲೇ?

ಉತ್ತರ: ನಿಮ್ಮ ಪತ್ರ ಓದಿದರೆ ನಿಮ್ಮ ಭಯವೆಲ್ಲ ಅಪ್ಪಾಜಿಯ ವಯಸ್ಸು ಮತ್ತು ಸ್ಟೆಂಟ್ ಮೇಲೆಯೇ ಇದ್ದಂತಿದೆ. ನನಗೆ ಹೆಚ್ಚು ಅಳುಕು ತಂದದ್ದು ಟೂರಿನವರ ಪಟ್ಟಿ. ಅದೇ ಪಟ್ಟಿಯಲ್ಲಿ ಮೂವತ್ತರ ಯುವಕ ಹೋದರೂ ನಾನು ಬೇಡವೆನ್ನುತ್ತೇನೆ. 71ರ ಸಕ್ಕರೆ ಕಾಯಿಲೆಯವರು ಕೇದಾರಕ್ಕೆ ಹೋಗಲೇಬಾರದು ಎಂಬ ನಿಯಮ ವೈದ್ಯಶಾಸ್ತ್ರದಲ್ಲಿಲ್ಲ. ಎಷ್ಟು ಎತ್ತರವನ್ನು ಎಷ್ಟು ಗಂಟೆಯಲ್ಲಿ ಏರುತ್ತಾರೆ, ಅಂದು ರಾತ್ರಿ ಎಲ್ಲಿ ಮಲಗುತ್ತಾರೆ, ತೊಂದರೆಯಾದರೆ ಎಷ್ಟು ಬೇಗ ಕೆಳಗಿಳಿಯಬಹುದು ಎಂಬುದರ ಮೇಲೆ ಎಲ್ಲ ನಿಂತಿದೆ.

ಡೆಹ್ರಾಡೂನ್ ಸುಮಾರು 640 ಮೀಟರ್ ಎತ್ತರದಲ್ಲಿದೆ. ಗುಪ್ತಕಾಶಿ ಸುಮಾರು 1,300, ಕೇದಾರ 3,583. ಕೇದಾರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ನಮ್ಮೂರಿನಷ್ಟೇ, ಶೇ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಅಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ ಇರುವುದರಿಂದ ಪ್ರತಿ ಉಸಿರಿನಲ್ಲೂ ರಕ್ತಕ್ಕೆ ಸೇರುವ ಆಮ್ಲಜನಕ ಅಷ್ಟಕ್ಕಷ್ಟೇ. ಮೈ ಇದಕ್ಕೆ ಒಗ್ಗುತ್ತದೆ. ಉಸಿರಾಟದ ವೇಗ ಹೆಚ್ಚುತ್ತದೆ, ಮೂತ್ರಪಿಂಡ ರಕ್ತದ ಕ್ಷಾರವನ್ನು ಸರಿದೂಗಿಸುತ್ತದೆ. ಆದರೆ ಈ ಕೆಲಸಕ್ಕೆ ದಿನಗಳು ಬೇಕು. ಹೆಲಿಕಾಪ್ಟರ್ ಹತ್ತು ಹದಿನೈದು ನಿಮಿಷದಲ್ಲಿ 2,000 ಮೀಟರ್ ಮೇಲೆತ್ತಿ ಬಿಡುತ್ತದೆ. ಕಾಲಿಗೆ ಆಯಾಸ ತಪ್ಪಿತು, ನಿಜ. ಶ್ವಾಸಕೋಶಕ್ಕೆ ಮತ್ತು ಮಿದುಳಿಗೆ ಸಿಗಬೇಕಾದ ಸಮಯವೂ ತಪ್ಪಿತು. ನಡೆದು ಹೋದವರಿಗಿಂತ ಹೆಲಿಕಾಪ್ಟರ್‌ನಲ್ಲಿ ಹೋದವರಿಗೆ ಎತ್ತರದ ಕಾಯಿಲೆ ಕಡಿಮೆ ಎಂಬ ನಂಬಿಕೆ ಹುಟ್ಟಿದ್ದು ಎಲ್ಲಿಂದಲೋ ತಿಳಿಯದು, ಅದರಲ್ಲಿ ಹುರುಳಿಲ್ಲ.

ಹಾಗೆಂದು ಹೆಲಿಕಾಪ್ಟರ್ ಪೂರ್ತಿ ಕೆಟ್ಟದ್ದೂ ಅಲ್ಲ. ಎತ್ತರದ ಕಾಯಿಲೆಯ ಲಕ್ಷಣಗಳಾದ ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಇವೆಲ್ಲ ಸಾಮಾನ್ಯವಾಗಿ ಮೇಲೆ ತಲುಪಿದ ಆರರಿಂದ ಹನ್ನೆರಡು ಗಂಟೆಯ ನಂತರ ಕಾಣಿಸಿಕೊಳ್ಳುತ್ತವೆ. ಬೆಳಿಗ್ಗೆ ಹೋಗಿ, ದರ್ಶನ ಮಾಡಿ, ತಲುಪಿದ ಮೂರು ನಾಲ್ಕು ತಾಸಿನೊಳಗೆ ಇಳಿದುಬಿಟ್ಟರೆ ಹೆಚ್ಚಿನವರು ಬಚಾವ್. ನಿಮ್ಮ ಪಟ್ಟಿಯಲ್ಲಿರುವ ದೋಷ 'ರಾತ್ರಿ ಅಲ್ಲೇ ವಾಸ' ಎಂಬ ಮೂರು ಪದಗಳಲ್ಲಿದೆ. ನಿದ್ದೆಯಲ್ಲಿ ಉಸಿರು ನಿಧಾನವಾಗುತ್ತದೆ, ಆಮ್ಲಜನಕ ಇನ್ನೂ ಇಳಿಯುತ್ತದೆ. ಎತ್ತರದ ಕಾಯಿಲೆ ಉಲ್ಬಣಿಸುವುದು ಬಹುಪಾಲು ರಾತ್ರಿಯಲ್ಲೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಸೂತ್ರ. 1,300ರಲ್ಲಿ ಮಲಗಿದವರು ಮರುರಾತ್ರಿ 3,583ರಲ್ಲಿ ಮಲಗುವುದೆಂದರೆ ಆ ಸೂತ್ರವನ್ನು ಗಾಳಿಗೆ ತೂರಿದಂತೆ.

ಇಲ್ಲಿ ಟೂರಿನವರು ಹೇಳದ ಇನ್ನೊಂದು ಮಾತಿದೆ. ಕೇದಾರ ಕಣಿವೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವುದು ಮಾಮೂಲು. ಕವಿದರೆ ಹಾರಾಟ ನಿಲ್ಲುತ್ತದೆ. 'ಅದೇ ದಿನ ವಾಪಸ್' ಎಂದುಕೊಂಡು ಹೋದವರು, ಹ್ಯಾಂಡ್‌ಬ್ಯಾಗ್ ಮಾತ್ರ ಹಿಡಿದು, ಸ್ವೆಟರ್ ಒಂದೇ ಹಾಕಿಕೊಂಡು, ರಾತ್ರಿಯ ಇನ್ಸುಲಿನ್ ಕೆಳಗಿನ ಹೋಟೆಲಿನಲ್ಲಿ ಬಿಟ್ಟು, ಮೇಲೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಹೆಲಿಕಾಪ್ಟರ್ ಹಿಡಿದರೂ ಒಂದು ರಾತ್ರಿಗೆ ಬೇಕಾದ ಮಾತ್ರೆ, ಇನ್ಸುಲಿನ್ ಪೆನ್, ಸೂಜಿ, ಗ್ಲೂಕೋಮೀಟರ್, ಉಣ್ಣೆಯ ಟೋಪಿ, ಎರಡು ಜೊತೆ ಕಾಲುಚೀಲ ಮೈಮೇಲೆ ಇರಲೇಬೇಕು. ಸಾಧ್ಯವಾದಷ್ಟು ಮುಂಜಾನೆಯ ಸರದಿಯನ್ನೇ ಕಾಯ್ದಿರಿಸಿ. ಅಪಘಾತದ ಸಾಧ್ಯತೆಯನ್ನೂ ಮುಚ್ಚಿಡುವಂತಿಲ್ಲ: 2025ರ ಜೂನ್ 15ರಂದು ಗೌರೀಕುಂಡದ ಬಳಿ ಹೆಲಿಕಾಪ್ಟರ್ ಬಿದ್ದು ಅದರಲ್ಲಿದ್ದ 7 ಜನರೂ ತೀರಿಕೊಂಡರು. ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣದಲ್ಲಿ, ಅದೂ ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಆದ ಮೇಲೆ. ವಾಟ್ಸ್ಆ್ಯಪ್‌ನಲ್ಲಿ 'ಖಚಿತ ಸೀಟು' ಕೊಡುತ್ತೇವೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಕರ್ಪೂರ, ಡಬ್ಬಿ, ಪ್ರಾಣಾಯಾಮ

ಕರ್ಪೂರದ ಘಾಟು ಮೂಗಿನ ನರಗಳಿಗೆ ತಂಪೆನಿಸುತ್ತದೆ, ಮೂಗು ಬಿಟ್ಟಂತಾಗುತ್ತದೆ. ರಕ್ತದ ಆಮ್ಲಜನಕ ಒಂದು ಅಂಕಿಯೂ ಏರುವುದಿಲ್ಲ. ಇದರಲ್ಲಿ ನನ್ನ ತಕರಾರು ಮಕ್ಕಳ ವಿಷಯಕ್ಕೆ. ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಚಿಕ್ಕ ಮಕ್ಕಳಲ್ಲಿ ಸ್ವಲ್ಪ ಹೋದರೂ ಫಿಟ್ಸ್ ತರಿಸಬಲ್ಲದು. ಆರು ವರ್ಷದ ಮಗುವಿನ ಕೊರಳಿಗೆ ಕರ್ಪೂರ, ಲವಂಗ, ಓಮಕಾಳಿನ ಗಂಟು ಕಟ್ಟಿ ಕಳಿಸಬೇಡಿ.

ಆಕ್ಸಿಜನ್ ಡಬ್ಬಿಯ ಲೆಕ್ಕ ಸುಲಭ. ಅಂಗಡಿಯಲ್ಲಿ ಸಿಗುವ ಹಗುರ ಡಬ್ಬಿಯಲ್ಲಿ ಸಾಮಾನ್ಯವಾಗಿ 10 ಲೀಟರಿನಷ್ಟು ಅನಿಲವಿರುತ್ತದೆ. ಉಸಿರು ಕಟ್ಟಿದವರಿಗೆ ನಿಮಿಷಕ್ಕೆ 2ರಿಂದ 4 ಲೀಟರ್ ಬೇಕು. ಅಂದರೆ ಐದು ನಿಮಿಷವೂ ಕಷ್ಟ. ಕೆಳಗಿಳಿಯಲು ಬೇಕಾದದ್ದು ಗಂಟೆಗಟ್ಟಲೆ. ಡಬ್ಬಿ ಮಾಡುವ ನಿಜವಾದ ಹಾನಿಯೆಂದರೆ ಧೈರ್ಯ ಕೊಡುವುದು: 'ಇದೆಯಲ್ಲ' ಎಂದುಕೊಂಡು ಇನ್ನೊಂದು ಗಂಟೆ ಮೇಲೆ ಉಳಿಯುತ್ತಾರೆ. ಅದೇ ದುಡ್ಡಿಗೆ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕೊಳ್ಳಿ. ಅದನ್ನು ಬಳಸುವಾಗಲೂ ಎರಡು ಮಾತು ನೆನಪಿರಲಿ. ಬೆರಳು ತಣ್ಣಗಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕೂತು ನೋಡಬೇಕು. ಇನ್ನು ಕೇದಾರದ ಎತ್ತರದಲ್ಲಿ ಆರೋಗ್ಯವಂತರಲ್ಲೂ 85ರಿಂದ 90ರ ಆಸುಪಾಸು ಬರುತ್ತದೆ. ಕೋವಿಡ್ ಕಾಲದ '94ಕ್ಕಿಂತ ಕಡಿಮೆಯಾದರೆ ಆಸ್ಪತ್ರೆ' ಎಂಬ ಲೆಕ್ಕ ಅಲ್ಲಿ ನಡೆಯದು. ಒಟ್ಟಿಗೆ ಹೋದ ಐವರಿಗೆ 88 ಬಂದು ಒಬ್ಬರಿಗೆ 76 ಬಂದರೆ, ಅದಕ್ಕೆ ಅರ್ಥವಿದೆ.

ಅಪ್ಪಾಜಿಯ ಪ್ರಾಣಾಯಾಮದ ಬಗ್ಗೆ: ನಿಧಾನವಾಗಿ ಆಳವಾಗಿ ಉಸಿರಾಡಿದರೆ ಆ ಹೊತ್ತಿಗೆ ಆಮ್ಲಜನಕದ ಮಟ್ಟ ಸ್ವಲ್ಪ ಏರುತ್ತದೆ, ಇದು ಯಂತ್ರದಲ್ಲೇ ಕಾಣುತ್ತದೆ. ಆದರೆ ನಿದ್ದೆಯಲ್ಲಿ ಯಾರೂ ಪ್ರಾಣಾಯಾಮ ಮಾಡುವುದಿಲ್ಲ. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆಂಬುದು ದೇಹದಾರ್ಢ್ಯವನ್ನು ಅವಲಂಬಿಸಿಲ್ಲ. ಓಟಗಾರರಿಗೂ ಬರುತ್ತದೆ, ದಿನವೂ ಯೋಗ ಮಾಡುವವರಿಗೂ ಬರುತ್ತದೆ. ಹಿಂದೆ ಒಮ್ಮೆ ಎತ್ತರದಲ್ಲಿ ತೊಂದರೆಯಾಗಿತ್ತೇ ಎಂಬುದೇ ಇರುವ ಸೂಚನೆಗಳಲ್ಲಿ ಬಲವಾದದ್ದು. ಹಾಗೆಯೇ ಆಶ್ರಮದ ಯೋಗ ತರಗತಿಯಲ್ಲಿ ಕಪಾಲಭಾತಿ, ಭಸ್ತ್ರಿಕಾ, ದೀರ್ಘ ಕುಂಭಕ, ಶೀರ್ಷಾಸನ ಇವುಗಳಿಂದ ಅವರು ದೂರವಿರಲಿ. ಸ್ಟೆಂಟ್ ಮತ್ತು ಬಿಪಿ ಒಂದು ಕಾರಣ. 14 ವರ್ಷದ ಸಕ್ಕರೆ ಕಾಯಿಲೆಯಲ್ಲಿ ಕಣ್ಣಿನ ಅಕ್ಷಿಪಟದ ರಕ್ತನಾಳಗಳು ದುರ್ಬಲವಾಗಿರಬಹುದು ಎಂಬುದು ಇನ್ನೊಂದು.

ಹೊರಡುವ ಮೊದಲು ಮಾಡಿಸಬೇಕಾದದ್ದು

ಕನಿಷ್ಠ ಆರು ವಾರ ಮೊದಲು ಹೃದಯತಜ್ಞರನ್ನು ಕಾಣಿ. 'ಕೇದಾರಕ್ಕೆ ಹೋಗಬಹುದಾ ಡಾಕ್ಟ್ರೇ?' ಎಂದು ಕೇಳಿದರೆ ಅರ್ಧ ನಿಮಿಷದ ಉತ್ತರ ಸಿಗುತ್ತದೆ. '3,583 ಮೀಟರ್ ಎತ್ತರ, ಮೇಲೆ ಇಷ್ಟು ಗಂಟೆ, ಇಷ್ಟು ನಡಿಗೆ, ಆಸ್ಪತ್ರೆ ಇಷ್ಟು ದೂರ' ಎಂದು ಬರೆದುಕೊಂಡು ಹೋಗಿ ತೋರಿಸಿ. ಸ್ಟೆಂಟ್ ಹಾಕಿ ಮೂರು ವರ್ಷವಾಗಿ, ಎದೆನೋವಿಲ್ಲದೆ, ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದ್ದರೆ ಸ್ಟೆಂಟ್ ಒಂದೇ ಕಾರಣಕ್ಕೆ ತಡೆಯುವುದಿಲ್ಲ. ಜೊತೆಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟದ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ ಆಗಲಿ. ಹಿಮೋಗ್ಲೋಬಿನ್ 9 ಇರುವವರು ಎತ್ತರಕ್ಕೆ ಹೋಗುವುದೆಂದರೆ ಇರುವ ಕಡಿಮೆ ಆಮ್ಲಜನಕವನ್ನೂ ಹೊರಲು ಆಳಿಲ್ಲದಂತೆ.

ನಿಮ್ಮೂರ ಹತ್ತಿರವೇ ಒಂದು ಪರೀಕ್ಷಾ ಮೈದಾನವಿದೆ, ಅಂಜನಾದ್ರಿಯ 575 ಮೆಟ್ಟಿಲು. ಹೃದಯತಜ್ಞರು ಸರಿ ಎಂದ ಮೇಲೆ, ಬೆಳಗಿನ ತಂಪಿನಲ್ಲಿ ಅಪ್ಪಾಜಿ ತಮ್ಮದೇ ವೇಗದಲ್ಲಿ ಹತ್ತಲಿ. ನಿಂತು ನಿಂತು ಹತ್ತಿದರೂ ಅಡ್ಡಿಯಿಲ್ಲ. ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು, ಮಾತಾಡಲಾಗದಷ್ಟು ಏದುಸಿರು ಬಂದರೆ ಕೇದಾರದ ಮಾತು ಅಲ್ಲಿಗೆ ನಿಲ್ಲಿಸಿ. ಅಮ್ಮನ ಮೊಣಕಾಲಿಗೂ ಇದೇ ಪರೀಕ್ಷೆ, ಆದರೆ ಅವರ ವಿಷಯದಲ್ಲಿ ಇಳಿಯುವುದನ್ನು ಗಮನಿಸಿ. ಸವೆದ ಮೊಣಕಾಲು ಹತ್ತುವಾಗಿಗಿಂತ ಇಳಿಯುವಾಗ ಹೆಚ್ಚು ಕೂಗುತ್ತದೆ.

ಅಪ್ಪಾಜಿಗೆ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆ ಹಾಕಿಸಿ, ಎರಡು ವಾರ ಮೊದಲೇ. ಆಶ್ರಮದ ಸತ್ಸಂಗದ ಹಾಲಿನಲ್ಲಿ, ರೈಲಿನಲ್ಲಿ, ಸರತಿ ಸಾಲಿನಲ್ಲಿ ಹತ್ತುವ ನೆಗಡಿ ಜ್ವರ ಇದ್ದಾಗ ಮೇಲೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಹೆಚ್ಚು. ಮಕ್ಕಳಲ್ಲಂತೂ ಇದನ್ನು ಕಡೆಗಣಿಸಲೇಬಾರದು.

ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್, ಡೈಯಾಮಾಕ್ಸ್ ಎಂದು ಪರಿಚಿತ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರ, ಸೋಡಾ ಕುಡಿದರೆ ಸಪ್ಪೆ ರುಚಿ ಇವು ನಿರೀಕ್ಷಿತ. ಸಲ್ಫಾ ಅಲರ್ಜಿ ಇದ್ದವರಿಗೆ, ಮೂತ್ರಪಿಂಡ ಕೆಟ್ಟವರಿಗೆ ಇದು ಆಗದು. ಬಿಪಿಗೆಂದು ನೀರು ಹೋಗುವ ಮಾತ್ರೆ ಆಗಲೇ ನಡೆಯುತ್ತಿದ್ದರೆ ಎರಡೂ ಸೇರಿ ಮೈ ಒಣಗಿಸಬಹುದು. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆ ಇದಲ್ಲ, ವೈದ್ಯರೇ ಬರೆಯಲಿ. ಮಕ್ಕಳಿಗೆ ತೂಕ ನೋಡಿ ಮಕ್ಕಳ ವೈದ್ಯರು ನಿರ್ಧರಿಸಬೇಕು. ಈ ಮಾತ್ರೆ ನಿಧಾನವಾಗಿ ಏರುವುದಕ್ಕೆ ಬದಲಿಯೂ ಅಲ್ಲ. ಹೊಸ ಜಾಗ, ನಿದ್ದೆ ಬರಲಿಲ್ಲವೆಂದು ಮೇಲೆ ನಿದ್ದೆ ಮಾತ್ರೆ ಮಾತ್ರ ಕೊಡಬೇಡಿ. ಉಸಿರಾಟವನ್ನು ಅದು ಇನ್ನಷ್ಟು ತಗ್ಗಿಸುತ್ತದೆ.

ಸಕ್ಕರೆ, ಉಪವಾಸ, ಬರಿಗಾಲು

ಉಪವಾಸದ ಬಗ್ಗೆ ನನ್ನ ಮಾತು ಖಡಾಖಂಡಿತ: ಬೇಡ. ಗ್ಲಿಮಿಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ಇದ್ದವರು ಊಟ ಬಿಟ್ಟು, ಚಳಿಯಲ್ಲಿ ಸರತಿ ನಿಂತರೆ ಸಕ್ಕರೆ ಇಳಿಯುತ್ತದೆ. ಆಗ ಬರುವ ನಡುಕ, ಬೆವರು, ಮಂಪರನ್ನು ಎತ್ತರದ ಕಾಯಿಲೆಯೆಂದು ಎಲ್ಲರೂ ತಪ್ಪು ತಿಳಿಯುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದರೆ ಅಪಾಯ ಬೇರೆ ದಿಕ್ಕಿನಿಂದ: ಉಪವಾಸ, ನಿರ್ಜಲೀಕರಣ, ವಾಂತಿ ಸೇರಿದರೆ ರಕ್ತದಲ್ಲಿ ಕೀಟೋನ್ ತುಂಬುತ್ತದೆ, ಸಕ್ಕರೆ ಅಂಕಿ ಅಷ್ಟೇನೂ ಏರದೆಯೂ. ಬೆಟ್ಟದ ದಿನಗಳಲ್ಲಿ ಅದನ್ನು ನಿಲ್ಲಿಸಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ದರ್ಶನಕ್ಕೆ ಮೊದಲು ಎರಡು ಇಡ್ಲಿಯಷ್ಟಾದರೂ ಹೊಟ್ಟೆಗೆ ಬೀಳಲಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಸಕ್ಕರೆ 70ರ ಕೆಳಗೆ ಬಂದರೆ ಮೂರು ಚಮಚ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.

ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು, ಕರಗಿದ ಮೇಲೆ ನೋಡಲು ಸರಿಯಿದ್ದರೂ. ವಿಮಾನದಲ್ಲಿ ಚೆಕ್‌ಇನ್ ಬ್ಯಾಗಿಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಬೆಟ್ಟದಲ್ಲಿ ಒಳ ಅಂಗಿಯ ಜೇಬಿನಲ್ಲಿ, ಮೈಶಾಖಕ್ಕೆ ಹತ್ತಿರ. ಕಾಶಿಯ ಮೇ ತಿಂಗಳ ಬಿಸಿಲಿನಲ್ಲಿ ಇದೇ ಪೆನ್ನಿಗೆ ತಂಪು ಚೀಲ ಬೇಕು. ಗ್ಲೂಕೋಮೀಟರ್ ಕೂಡ ಕೊರೆವ ಚಳಿಯಲ್ಲಿ ತಪ್ಪು ತೋರಿಸುತ್ತದೆ, ಅದನ್ನೂ ಬೆಚ್ಚಗಿಡಿ.

ಪಾದಕ್ಕೆ ಬರೋಣ. ಕೇದಾರದ ಗುಡಿಯ ಅಂಗಳದ ಹಾಸುಗಲ್ಲು ಬೆಳಗಿನ ಜಾವ ಮಂಜಿನಷ್ಟೇ ತಣ್ಣಗಿರುತ್ತದೆ. ನರ ಜಡವಾದ ಪಾದಕ್ಕೆ ಚಳಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಒಳಹೋಗಲಿ, ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಇರಲಿ. ಬದರಿಯ ತಪ್ತಕುಂಡದಲ್ಲಿ ಇದರ ತದ್ವಿರುದ್ಧ. ನೀರು ಸುಮಾರು 45 ಡಿಗ್ರಿ ಇರುತ್ತದೆ. ಪಾದಕ್ಕೆ ಬಿಸಿ ತಾಕದವರು ಆರಾಮಾಗಿ ಕಾಲಿಳಿಬಿಟ್ಟು ಕೂತು, ಸಂಜೆ ಬೊಬ್ಬೆ ನೋಡಿ ಗಾಬರಿಯಾಗುತ್ತಾರೆ. ನೀವು ಮೊಣಕೈ ಅದ್ದಿ ನೋಡಿ, ಅಪ್ಪಾಜಿಗೆ ತಂಬಿಗೆಯಲ್ಲಿ ಎತ್ತಿ ಹದ ಮಾಡಿ ಸ್ನಾನ ಮಾಡಿಸಿ. ಬಿಸಿನೀರಿನಿಂದ ಥಟ್ಟನೆ ಎದ್ದರೆ ಬಿಪಿ ಮಾತ್ರೆಯವರಿಗೆ ಕಣ್ಣು ಕತ್ತಲೆ ಬರುತ್ತದೆ, ಪಕ್ಕದಲ್ಲಿ ಒಬ್ಬರಿರಬೇಕು.

ಬಿಪಿ ಮಾತ್ರೆ, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಯಾವುದನ್ನೂ ಒಂದು ದಿನವೂ ಬಿಡುವಂತಿಲ್ಲ. ಎತ್ತರದಲ್ಲಿ ಮೊದಲ ಕೆಲ ದಿನ ಬಿಪಿ ಏರುವುದೇ ಹೆಚ್ಚು. ಕಾಶಿಗೆ ಹೋದವರು ಇಷ್ಟದ ಹಣ್ಣೋ ತರಕಾರಿಯೋ ಬಿಟ್ಟು ಬರುವ ಪದ್ಧತಿ ಇದೆಯಲ್ಲ, ಅಪ್ಪಾಜಿ ಬದನೆಕಾಯಿ ಬಿಟ್ಟು ಬರಲಿ, ಸಂತೋಷ. ಮಾತ್ರೆ ಬಿಟ್ಟು ಬರುವವರನ್ನೂ ನಾವು ನೋಡುತ್ತೇವೆ. ಇನ್ನು ಅಮ್ಮನ ಮೊಣಕಾಲಿಗೆಂದು ಒಯ್ದ ಡೈಕ್ಲೋಫೆನಾಕ್ ಅಪ್ಪಾಜಿಯ ಕೈಗೆ ಸಿಗದಿರಲಿ. ಸಕ್ಕರೆ, ಬಿಪಿ, ನೀರು ಕಡಿಮೆ, ಇವುಗಳ ಜೊತೆ ಅದು ಸೇರಿದರೆ ಮೂತ್ರಪಿಂಡಕ್ಕೆ ಏಟು. ನೋವಿಗೆ, ತಲೆನೋವಿಗೆ ಪ್ಯಾರಸಿಟಮಾಲ್ ಸಾಕು.

ಆಶ್ರಮ ಮೊದಲೋ, ಕೊನೆಗೋ?

ಋಷಿಕೇಶ ಸುಮಾರು 370 ಮೀಟರ್. ಅಲ್ಲಿ ನಾಲ್ಕು ದಿನವಲ್ಲ, ನಲವತ್ತು ದಿನವಿದ್ದರೂ ಮೈ ಎತ್ತರಕ್ಕೆ ಒಗ್ಗುವುದಿಲ್ಲ. ಆದರೂ ಎರಡು ರಾತ್ರಿ ಮೊದಲು, ಉಳಿದದ್ದು ಕೊನೆಗೆ ಎಂದು ಭಾಗ ಮಾಡಿ ಎನ್ನುತ್ತೇನೆ. ಮೊದಲ ಎರಡು ದಿನದಲ್ಲಿ ಪ್ರಯಾಣದ ಸುಸ್ತು ಇಳಿಯುತ್ತದೆ, ಹೊಸ ಊಟಕ್ಕೆ ಸಕ್ಕರೆ ಹೇಗೆ ವರ್ತಿಸುತ್ತದೆ ಎಂದು ತಿಳಿಯುತ್ತದೆ, ಮಕ್ಕಳ ನೆಗಡಿ ಹೊರಬರುವುದಿದ್ದರೆ ಬರುತ್ತದೆ. ತೊಂದರೆಯಾದರೆ ಅದೇ ಊರಲ್ಲಿ ಏಮ್ಸ್ ಇದೆ. ಕೊನೆಯ ದಿನಗಳು ನಿಮ್ಮ ವಿಮೆಯಿದ್ದಂತೆ: ಗುಡ್ಡ ಕುಸಿದು ರಸ್ತೆ ಎರಡು ದಿನ ಬಂದ್ ಆದರೆ ಆಶ್ರಮದ ಎರಡು ರಾತ್ರಿ ಕಡಿಮೆಯಾಗುತ್ತದೆ, ಕಾಶಿಯ ರೈಲು ತಪ್ಪುವುದಿಲ್ಲ. ಅಂಥ ಸಡಿಲು ಇಲ್ಲದ ಪಟ್ಟಿಯಲ್ಲಿ ಮನುಷ್ಯ ಹುಷಾರಿಲ್ಲದಿದ್ದರೂ 'ಇವತ್ತು ಹೋಗಲೇಬೇಕು' ಎನ್ನುತ್ತಾನೆ. ಬೆಟ್ಟದಲ್ಲಿ ಕೆಡುಕಾಗುವುದು ಹೆಚ್ಚಾಗಿ ಆ ಒಂದು ವಾಕ್ಯದಿಂದ.

ಆಶ್ರಮಕ್ಕೆ ಕೋಣೆ ಕೇಳಿ ಬರೆಯುವಾಗ ಎಷ್ಟು ಜನ, ಯಾವ ದಿನ ಎಂದಷ್ಟೇ ಬರೆಯದೆ ಇವನ್ನೂ ಕೇಳಿ: ನೆಲಮಹಡಿಯ ಕೋಣೆ ಇದೆಯೇ, ಕೂರುವ ಕಮೋಡ್ ಇದೆಯೇ, ಊಟದ ಹಾಲಿನಲ್ಲಿ ಕುರ್ಚಿ ಸಿಗುತ್ತದೆಯೇ, ಬಿಸಿನೀರು ಎಷ್ಟು ಹೊತ್ತು. ಸ್ವರ್ಗಾಶ್ರಮದ ಕಡೆಯ ಆಶ್ರಮಗಳಿಗೆ ಕಾರು ಬಾಗಿಲವರೆಗೆ ಹೋಗದ ಜಾಗಗಳಿವೆ, ಎಲ್ಲಿಂದ ನಡೆಯಬೇಕು ಎಂದೂ ಕೇಳಿಕೊಳ್ಳಿ. ಶಿವಾನಂದ ಆಶ್ರಮದಂಥ ಕಡೆ ಮುಂಚಿತವಾಗಿ ಬರೆದು ಒಪ್ಪಿಗೆ ಪಡೆದೇ ಹೋಗಬೇಕು. ಆಶ್ರಮ ಹೋಟೆಲಲ್ಲ. ಗುರುತಿನ ಚೀಟಿ ಎಲ್ಲರದೂ ಬೇಕು, ಊಟಕ್ಕೆ ಗಂಟೆ ಹೊಡೆದಾಗಲೇ ಹೋಗಬೇಕು, ರಾತ್ರಿ ಗೇಟು ಬೇಗ ಮುಚ್ಚುತ್ತದೆ. ನಿಮಗೆ ಮುಖ್ಯವಾಗುವುದು ಊಟದ ಹೊತ್ತು. ಸಂಜೆ ಏಳಕ್ಕೆ ಊಟವಾದರೆ ಬೆಳಗಿನ ತಿಂಡಿಗೆ ಹನ್ನೆರಡು ಗಂಟೆಗೂ ಹೆಚ್ಚು ಅಂತರ. ರಾತ್ರಿ ಮಲಗುವಾಗ ಸಕ್ಕರೆ ನೋಡಿ. 120ರ ಆಸುಪಾಸು ಇದ್ದರೆ ಒಂದು ಲೋಟ ಹಾಲೋ ನಾಲ್ಕು ಬಿಸ್ಕತ್ತೋ ಕೊಡಿ. ಇನ್ಸುಲಿನ್ ಪ್ರಮಾಣ ತಗ್ಗಿಸಬೇಕೇ ಎಂಬುದನ್ನು ಊರಿನಲ್ಲೇ ಕೇಳಿ ಬರೆಸಿಕೊಂಡಿರಬೇಕು. ಏಕಾದಶಿ ಬಿದ್ದರೆ ಅನ್ನ, ರೊಟ್ಟಿ ಸಿಗದೆ ಆಲೂಗಡ್ಡೆ, ಸಾಬುದಾನಿಯೇ ಊಟವಾಗಬಹುದು. ಸಕ್ಕರೆ ಜಿಗಿಯುವುದು ಆ ದಿನ.

ಗಂಗಾಸ್ನಾನಕ್ಕೆ ಮಕ್ಕಳ ವಿಷಯದಲ್ಲಿ ಒಂದೇ ಮಾತು: ಸರಪಳಿ ಇರುವ ಘಾಟ್, ಸರಪಳಿಯ ಈಚೆಗೆ, ದೊಡ್ಡವರ ಕೈ ಹಿಡಿದು. ತುಂಗಭದ್ರೆಯ ನಾಲೆ ನೋಡಿದ ಮಕ್ಕಳಿಗೆ ಗಂಗೆಯ ಸೆಳೆತದ ಅಂದಾಜಿರುವುದಿಲ್ಲ. ಅಪ್ಪಾಜಿ ಮೊದಲು ಕಾಲು, ಆಮೇಲೆ ಎದೆ, ತಲೆ ಎಂದು ನಿಧಾನವಾಗಿ ನೆನೆಯಲಿ. ಹಿಮದ ನೀರಿಗೆ ದಿಢೀರನೆ ಮುಳುಗಿದರೆ ಬಿಪಿ ಚಿಮ್ಮುತ್ತದೆ.

ಹಾಗಾದರೆ ಹೇಗೆ ಹೋಗುವುದು?

ಸಾಧ್ಯವಿದ್ದರೆ ಮೇ ಬಿಟ್ಟು ದಸರಾ ರಜೆಗೆ ಹಾಕಿ. ಮೇ ತಿಂಗಳ ಜನಜಂಗುಳಿಯಲ್ಲಿ ಗಂಟೆಗಟ್ಟಲೆ ಸರತಿ, ವಾಪಸು ಬರುವಾಗ ಕಾಶಿಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಎರಡೂ ಅಪ್ಪಾಜಿಗೆ ಆಗುವುದಿಲ್ಲ. ಜುಲೈ, ಆಗಸ್ಟ್ ಗುಡ್ಡ ಕುಸಿಯುವ ಕಾಲ. ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಚಳಿ ಹೆಚ್ಚು. ಕೇದಾರದ ಬಾಗಿಲು ದೀಪಾವಳಿಯ ಮುಗಿವಿನ ಭಾಯ್ ದೂಜ್ ದಿನ ಮುಚ್ಚುತ್ತದೆ ಎಂಬುದು ಗಮನದಲ್ಲಿರಲಿ.

ನಾನು ಒಪ್ಪುವ ಕ್ರಮ ಹೀಗೆ. ಋಷಿಕೇಶದಲ್ಲಿ ಎರಡು ರಾತ್ರಿ. ಬೆಳಗಿನ ಜಾವ ಹೊರಟು ಗುಪ್ತಕಾಶಿ ಅಥವಾ ಊಖೀಮಠ. ಬೆಟ್ಟದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇರುತ್ತದೆ, ಹಗಲಲ್ಲೇ ಮುಟ್ಟಬೇಕು. ಅಲ್ಲಿ ಮಧ್ಯೆ ಒಂದು ಪೂರ್ತಿ ದಿನ ಬಿಡುವು. ಆ ದಿನ ಸುಮಾರು 2,000 ಮೀಟರ್ ಎತ್ತರದ ತ್ರಿಯುಗಿನಾರಾಯಣಕ್ಕೆ ಕಾರಿನಲ್ಲಿ ಹೋಗಿ ಬನ್ನಿ. ಮೂರನೇ ಬೆಳಿಗ್ಗೆ ಕೇದಾರ, ಅಂದೇ ವಾಪಸ್. ಒಂದು ದಿನ ವಿಶ್ರಾಂತಿಯ ನಂತರ ಪೀಪಲ್‌ಕೋಟಿ ಇಲ್ಲವೇ ಜೋಶಿಮಠದಲ್ಲಿ ರಾತ್ರಿ, ಮರುದಿನ ಬದರಿ ನೋಡಿ ಮತ್ತೆ ಕೆಳಗೆ ಬಂದು ಮಲಗಿ. ಬದರಿ ಸುಮಾರು 3,100 ಮೀಟರ್, ರಸ್ತೆ ಗುಡಿಯ ಹತ್ತಿರದವರೆಗೆ ಇದೆ, ಹುಷಾರು ತಪ್ಪಿದರೆ ಕಾರಿನಲ್ಲೇ ಇಳಿಯಬಹುದು. ಈ ಒಂದು ಕಾರಣಕ್ಕೆ ಅಪ್ಪಾಜಿಯಂಥವರಿಗೆ ಕೇದಾರಕ್ಕಿಂತ ಬದರಿ ಎಷ್ಟೋ ವಾಸಿ.

ನೆಲದ ದಾರಿಯೇ ಎಂದಾದರೆ, ಸ್ವಂತ ಗಾಡಿ ಸೋನ್‌ಪ್ರಯಾಗಕ್ಕೆ ನಿಲ್ಲುತ್ತದೆ. ಅಲ್ಲಿ ನೋಂದಣಿ ಪರೀಕ್ಷಿಸಿ, ಸ್ಥಳೀಯ ಜೀಪಿನಲ್ಲಿ 5 ಕಿ.ಮೀ. ಗೌರೀಕುಂಡಕ್ಕೆ ಬಿಡುತ್ತಾರೆ. ಮುಂದೆ ಸುಮಾರು 16 ಕಿ.ಮೀ. ಏರು, ಅಂದರೆ 1,600 ಮೀಟರ್ ಎತ್ತರ. ಅಂದೇ ಹೋಗಿ ಬರುವುದು ನಿಮ್ಮ ಕುಟುಂಬಕ್ಕೆ ಆಗದ ಮಾತು, ಮೇಲೆ ರಾತ್ರಿ ಕಳೆಯಲೇಬೇಕಾಗುತ್ತದೆ. ಅಪ್ಪಾಜಿಗೆ ನಾನು ಈ ದಾರಿ ಹೇಳುವುದಿಲ್ಲ. ನೀವು, ನಿಮ್ಮ ಪತ್ನಿ, ದೊಡ್ಡ ಮಗು ಹೋಗುವುದಾದರೆ ಬೆಳಗಿನ ಐದಕ್ಕೇ ಹೊರಡಿ. ಕುದುರೆ, ಡೋಲಿಗೆ ಸರ್ಕಾರದ ಮುಂಗಡ ಕೌಂಟರಿನಲ್ಲೇ ಚೀಟಿ ಮಾಡಿಸಿ. ಹೇಸರಗತ್ತೆ ಎದುರಾದಾಗ ಯಾವತ್ತೂ ಬೆಟ್ಟದ ಬದಿಗೆ ಸರಿಯಿರಿ, ಕಣಿವೆಯ ಬದಿಗಲ್ಲ. ಅದರ ಹೊರೆ ತಾಗಿದರೂ ಸಾಕು, ಜನ ಉರುಳುತ್ತಾರೆ. ಅಮ್ಮನಿಗೆ ಕುದುರೆಗಿಂತ ಡೋಲಿ ಒಳ್ಳೆಯದು. ಇಳಿಜಾರಿನಲ್ಲಿ ಕುದುರೆಯ ಕುಲುಕಾಟ ಮೊಣಕಾಲಿಗೂ ಸೊಂಟಕ್ಕೂ ಆಗದು, ಬಿದ್ದರೆ ಮೂಳೆ ಮುರಿತ.

ಮೇಲಿರುವಾಗ ಇಷ್ಟನ್ನು ಗಮನಿಸಿ. ತಲೆನೋವಿನ ಜೊತೆ ವಾಕರಿಕೆ ಇದ್ದರೆ ಇನ್ನು ಮೇಲೇರಬಾರದು. ಕೂತಲ್ಲೇ ಏದುಸಿರು, ಮಲಗಲಾಗದ ಕೆಮ್ಮು, ನೊರೆ ಅಥವಾ ಗುಲಾಬಿ ಬಣ್ಣದ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಮಾತು ತೊದಲಿದರೆ, ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಿರಿ ಎಂದಾಗ ಓಲಾಡಿದರೆ ಮಿದುಳು ಊದುತ್ತಿದೆ. ಇವೆರಡರಲ್ಲೂ ಬೆಳಗಾಗುವವರೆಗೆ ಕಾಯುವಂತಿಲ್ಲ. ಅಲ್ಲಿನ ವೈದ್ಯಕೀಯ ಶಿಬಿರದಲ್ಲಿ ಆಕ್ಸಿಜನ್ ಹಚ್ಚಿಸಿ, ಕೆಳಗಿಳಿಸುವ ವ್ಯವಸ್ಥೆ ಆ ಕ್ಷಣದಿಂದಲೇ ಶುರುವಾಗಬೇಕು. ಎದೆನೋವು ಬಂದರೂ ಹೀಗೆಯೇ ಮಾಡಬೇಕು. ಆರು ವರ್ಷದ ಮಗು ತಲೆನೋವು ಎಂದು ಹೇಳುವುದಿಲ್ಲ. ಸುಮ್ಮನೆ ಹಟ ಮಾಡುತ್ತದೆ, ಊಟ ಬೇಡ ಅನ್ನುತ್ತದೆ, ಆಟ ಬಿಡುತ್ತದೆ. ಎತ್ತರದಲ್ಲಿ ಇದನ್ನು ಕಾಯಿಲೆಯೆಂದೇ ತಿಳಿಯಬೇಕು.

'ಡಾಕ್ಟರು ಬೇಡ ಅಂದರು' ಎಂದು ಸುಳ್ಳು ಹೇಳಬೇಡಿ. ನಾಳೆ ಯಾವುದೋ ವೈದ್ಯರು ನಿಜವಾಗಿ ಬೇಡವೆಂದಾಗ ಅವರು ಕೇಳುವುದಿಲ್ಲ. ಹೃದಯತಜ್ಞರ ಬಳಿ ಅವರನ್ನೇ ಕರೆದೊಯ್ಯಿರಿ, ಪ್ರಶ್ನೆ ಅವರೇ ಕೇಳಲಿ. ಹೊರಡುವ ಮೊದಲು ಮನೆಯಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: ಮೇಲೆ ಯಾರಿಗಾದರೂ ಹುಷಾರು ತಪ್ಪಿದರೆ ಇಳಿಯುವ ನಿರ್ಧಾರ ಒಬ್ಬರದು, ಅದರ ಮೇಲೆ ಚರ್ಚೆಯಿಲ್ಲ. ಆ ಒಬ್ಬರು ಅಪ್ಪಾಜಿ ಆಗಿರಬಾರದು, ಹುಷಾರು ತಪ್ಪಿದವರ ತೀರ್ಮಾನವೇ ಮೊದಲು ಕೆಡುವುದು.

ಪರೀಕ್ಷೆಗಳು ಸರಿಬಾರದಿದ್ದರೆ ಯಾತ್ರೆಯೇ ರದ್ದಾಗಬೇಕಿಲ್ಲ. ಊಖೀಮಠದ ಓಂಕಾರೇಶ್ವರ ಕೇದಾರನಾಥನ ಚಳಿಗಾಲದ ಗದ್ದುಗೆ. ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿ ಬಂದು ಪೂಜೆಗೊಳ್ಳುವುದು ಅಲ್ಲೇ. ಕೇದಾರದ ರಾವಲರು, ಅಂದರೆ ಗುಡಿಯ ಪ್ರಧಾನ ಗುರುಗಳು, ನಮ್ಮ ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರು, ಅವರ ಪೀಠವೂ ಅಲ್ಲಿಯೇ. ಎತ್ತರ ಸುಮಾರು 1,300 ಮೀಟರ್, ಗುಡಿಯ ಹತ್ತಿರದವರೆಗೆ ಕಾರು ಹೋಗುತ್ತದೆ. ನೀವು ಮೂವರು ಕೇದಾರಕ್ಕೆ ಹೋದ ದಿನ ಅಪ್ಪಾಜಿ, ಅಮ್ಮ, ಚಿಕ್ಕ ಮಗು ಅಲ್ಲಿರಬಹುದು. ಕೋಣೆಯನ್ನು ಈಗಲೇ ಊಖೀಮಠದಲ್ಲಿ ಮಾಡಿಸಿದರೆ, ಆ ಬೆಳಿಗ್ಗೆ ಅಪ್ಪಾಜಿಯ ಬಿಪಿಯೋ ಸಕ್ಕರೆಯೋ ಹೆಚ್ಚುಕಡಿಮೆ ಆಗಿ ಯೋಜನೆ ಬದಲಾದರೂ ಯಾರೂ ಗಂಟುಮೂಟೆ ಕಟ್ಟಬೇಕಾಗುವುದಿಲ್ಲ.